ಯಾರದೋ ಬೆನ್ನ ಮೇಲೆ ನಮ್ಮ ಸೀರೆ

ನಮ್ಮ ಮನೆಯವರಿಗೆ ಊರ ಹೆಂಗಸರ ಬೆನ್ನು ನೋಡುವ ಚಟವಿತ್ತು. ಹೀಗೆ ಶುರು ಮಾಡಿದರೆ ನೀವು ತಪ್ಪು ತಿಳಿಯುತ್ತೀರಿ ಎಂಬುದು ನನಗೆ ಗೊತ್ತು. ಕೆರೂರಿನ ಸಂತೆಯಲ್ಲಿ ಒಮ್ಮೆ ಜನರೂ ಹಾಗೇ ತಿಳಿದು ಅವರ ಕೊರಳಪಟ್ಟಿ ಹಿಡಿದಿದ್ದರು.

ಅವರ ಹೆಸರು ಗೋವಿಂದಪ್ಪ. ಗಂಡನ ಹೆಸರು ಹೇಳಬಾರದು ಎನ್ನುವ ಸಂಕೋಚ ನನಗೂ ಇತ್ತು, ರೇಷನ್ ಕಾರ್ಡಿನವರ ಮುಂದೆ ಹೇಳಿ ಹೇಳಿ ಅದು ಹೋಯಿತು. ನಮ್ಮದು ಇಲಕಲ್ಲಿನಲ್ಲಿ ಮಗ್ಗದ ಮನೆ. ನಾನು ಕಂಡಿಕೆ ಸುತ್ತುತ್ತೇನೆ, ಅಂದರೆ ಲಾಳಿಯೊಳಗೆ ಕೂಡುವ ನೂಲಿನ ಸುರುಳಿ. ಅವರು ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಾರೆ. ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಮಡಿಚಿ ಸಾವುಕಾರನಿಗೆ ಕೊಟ್ಟರೆ ನಮ್ಮ ಋಣ ಮುಗಿಯಿತು. ಅದನ್ನು ಯಾರು ಉಟ್ಟರು, ಎಲ್ಲಿ ಉಟ್ಟರು, ಉಟ್ಟಾಗ ಸೆರಗು ಹೇಗೆ ಬಿತ್ತು, ಯಾವ ನೇಕಾರನಿಗೂ ಗೊತ್ತಾಗುವುದಿಲ್ಲ. ಉಳಿದವರಿಗೆ ಅದರ ಚಿಂತೆಯೂ ಇಲ್ಲ. ಇವರಿಗೆ ಇತ್ತು.

ಬಾದಾಮಿಯ ಗುಹೆ ನೋಡಲು ಬಂದ ಪರದೇಶದವನೊಬ್ಬ ಹೋಗುವಾಗ ಮಾರಿಹೋದ ರಷ್ಯಾದ ಕ್ಯಾಮೆರಾ ಒಂದು ಇವರ ಕೈಗೆ ಬಂದಿತ್ತು. ಇಟ್ಟಂಗಿಯಷ್ಟು ಭಾರ. ಅದನ್ನು ಕೊರಳಿಗೆ ಹಾಕಿಕೊಂಡು ಅಮೀನಗಡದ ಬಸ್ ನಿಲ್ದಾಣದಲ್ಲಿ, ಹುನಗುಂದದ ಕೋರ್ಟಿನ ಮುಂದೆ, ಬನಶಂಕರಿಯ ಹೊಂಡದ ಮೆಟ್ಟಿಲಲ್ಲಿ ನಿಂತು ತಾವು ನೇಯ್ದ ಸೀರೆ ಹುಡುಕುವುದು ಇವರ ಹವ್ಯಾಸ. ಇಲಕಲ್ ಸೀರೆಯ ಸೆರಗು ನಿಮಗೂ ಗೊತ್ತಿರುತ್ತದೆ, ಕೆಂಪಿನ ಮೇಲೆ ಬಿಳಿಯ ಹಲ್ಲುಗಳು. ಎಲ್ಲರ ಸೆರಗೂ ಒಂದೇ ಎಂದು ನೀವು ಅನ್ನುತ್ತೀರಿ. ನಮ್ಮ ಮಾವನವರ ಕಾಲದಿಂದ ನಮ್ಮ ಮನೆಯ ಸೆರಗಿನಲ್ಲಿ ಅಂಚಿಗೆ ಹತ್ತಿದ ಕಡೆಯ ಹಲ್ಲು ಉಳಿದವುಗಳಿಗಿಂತ ತುಸು ಗಿಡ್ಡ. ಅದನ್ನು ಇವರು ರಸ್ತೆಯ ಆ ಬದಿಯಿಂದ ಹಿಡಿಯುತ್ತಿದ್ದರು. ಸೆರಗು ಬೀಳುವುದು ಬೆನ್ನ ಮೇಲೆ, ಆದ್ದರಿಂದ ಫೋಟೋಗಳೆಲ್ಲ ಬೆನ್ನುಗಳೇ. ನಮ್ಮ ಆಲ್ಬಮ್ಮಿನಲ್ಲಿ ಮಾರಿ ಇರುವ ಹೆಂಗಸು ನಾನೊಬ್ಬಳೇ.

ಕೆರೂರಿನಲ್ಲಿ ಕೊರಳಪಟ್ಟಿ ಹಿಡಿದಾಗಲೂ ಇವರು ಹೆದರಲಿಲ್ಲ. "ಅವ್ವಾರ, ನಾ ನಿಮ್ಮ ಫೋಟೋ ತಗದಿಲ್ರಿ, ನನ್ನ ಸೀರಿ ಫೋಟೋ ತಗದೇನಿ. ಸೆರಗ ತಿರುವಿ ನೋಡ್ರಿ, ಅಂಚಿನ ಕಡೀ ಹಲ್ಲ ಗಿಡ್ಡ ಐತಿ" ಅಂದರು. ನೋಡಿದರು, ಇತ್ತು. ಹೊಡೆಯಲು ಬಂದವನೇ ಚಹಾ ಕುಡಿಸಿ ಕಳಿಸಿದ.

ಬಟ್ಟೆಯ ವಿಷಯದಲ್ಲಿ ಇವರ ನಾಲಗೆಗೆ ಸುಳ್ಳು ಬರುವುದಿಲ್ಲ. ಅದು ದೊಡ್ಡ ಗುಣ ಎಂದು ಊರು ಹೇಳುತ್ತದೆ, ಬಾಳುವೆ ಮಾಡಿದವಳು ನಾನು. ಗುಳೇದಗುಡ್ಡದಲ್ಲಿ ನನ್ನ ತಂಗಿಯ ಮಗಳು ವಿದ್ಯಾಳ ಮದುವೆ. ಬೀಗರು ಹುಡುಗಿಗೆ ಇಲಕಲ್ ಸೀರೆ ತಂದಿದ್ದೇವೆ ಎಂದು ತಾಟಿನಲ್ಲಿಟ್ಟು ಎಲ್ಲರಿಗೂ ತೋರಿಸುತ್ತಾ ಬಂದರು. ಇವರ ಮುಂದೆ ತಾಟು ಬಂತು. ಎರಡು ಬೆರಳಿನಲ್ಲಿ ಮುಟ್ಟಿ, "ಇದು ಮಷೀನಿಂದ್ರಿ" ಅಂದುಬಿಟ್ಟರು. ಅಕ್ಕಿಕಾಳು ಬೀಳುವ ಮೊದಲೇ ಬೀಗರ ಮಾರಿ ಬಿತ್ತು. ನನ್ನ ತಂಗಿ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು. "ಸುಮ್ಮನಿದ್ರ ನಿಮ್ಮ ಗಂಟೇನ ಹೋಗ್ತಿತ್ತು?" ಎಂದು ನಾನು ಕೇಳಿದರೆ, "ಕೇಳಿದ್ರು, ಹೇಳಿದೆ" ಅಂದರು.

ಇಂಥವರ ಕಣ್ಣು ಮಸುಕಾಗತೊಡಗಿತು.

ಅದು ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಹತ್ತಿರದ್ದು ಕಾಣುತ್ತಿತ್ತು, ಮೂಗಿಗೆ ಹಚ್ಚಿಕೊಂಡರೆ ನೂಲಿನ ಎಳೆಯೂ ಕಾಣುತ್ತಿತ್ತು. ದೂರದ್ದೆಲ್ಲ ಮಂಜು. ಕಪ್ಪು ನೂಲು, ನೀಲಿ ನೂಲು ಎರಡೂ ಒಂದೇ. ಒಂದು ಸೀರೆಯ ಒಡಲಲ್ಲಿ ಕಪ್ಪಿನ ನಡುವೆ ನೀಲಿ ಕಂಡಿಕೆ ಹೊಕ್ಕು ಬೆರಳಗಲ ಪಟ್ಟೆ ಬಂತು. ಸಾವುಕಾರ ನೋಡುವ ಮೊದಲು ನಾನು ನೋಡಿದೆ, ಆ ಸೀರೆಯನ್ನು ನಾನೇ ಉಟ್ಟು ಹಳೆಯದು ಮಾಡಿದೆ. ಅಂದಿನಿಂದ ಕಂಡಿಕೆಗಳನ್ನು ಬುಟ್ಟಿಗೆ ಹಾಕದೆ, ಯಾವುದು ಬೇಕೋ ಅದನ್ನು ಅವರ ಬಲಗೈ ಹತ್ತಿರ ಸಾಲಾಗಿ ಇಡತೊಡಗಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಂಸಾರದಲ್ಲಿ ಹೀಗೆ ಎಷ್ಟೋ ನಡೆಯುತ್ತವೆ.

ಚಾಳೀಸು ಬದಲಿಸುವ ನೆಪದಲ್ಲಿ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದಾಗ ಅವರು ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೆಳೆದು ಕಲ್ಲಾಗುವ ಮೊದಲು ಆಪರೇಶನ್ ಮಾಡಿಸಿ, ತಡಮಾಡಿದರೆ ಕಷ್ಟ ಎಂದರು. ಇವರು ಹೊರಗೆ ಬಂದು, "ಅವನ ಟಾರ್ಚಿನ ಸೆಲ್ಲು ಹೋಗ್ಯಾವ" ಅಂದರು. ಇದರ ಹಿಂದೆ ಹೆದರಿಕೆ ಇತ್ತು. ಇವರ ಅಣ್ಣ ಹನಮಪ್ಪನವರು ಪೊರೆ ತೆಗೆಸಿಕೊಂಡು ಬಂದು, ಡಾಕ್ಟರರು ಬೇಡವೆಂದರೂ ಪಟ್ಟಿ ಬಿಚ್ಚಿ ಮಗ್ಗದ ಕುಣಿಗೆ ಇಳಿದು, ಆ ಧೂಳಿನಲ್ಲಿ ಕಣ್ಣು ಕೀವಾಗಿ ಕಳೆದುಕೊಂಡರು. ಧೂಳಿನ ತಪ್ಪು ಇವರ ಲೆಕ್ಕದಲ್ಲಿ ಡಾಕ್ಟರರ ಕತ್ತಿಯ ತಪ್ಪಾಯಿತು. "ಇದ್ದಷ್ಟ ಬೆಳಕ ಸಾಕು" ಅನ್ನುತ್ತಿದ್ದರು. ನನಗೆ ಸಾಕಾಗಿರಲಿಲ್ಲ. ಅರವತ್ತು ತುಂಬದ ಮನುಷ್ಯ ಕಣ್ಣು ಕಳೆದುಕೊಂಡು ಪಡಸಾಲೆಯಲ್ಲಿ ಕೂಡುವುದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಫೋಟೋಗಳೂ ಮಸುಕಾಗಿ ಬರತೊಡಗಿದವು. ಆ ಕ್ಯಾಮೆರಾದಲ್ಲಿ ಎಲ್ಲ ಕೈಯಿಂದಲೇ ಆಗಬೇಕು. ಒಳಗಿನ ಗಾಜಿನಲ್ಲಿ ಚಿತ್ರ ತಿಳಿಯಾಗುವವರೆಗೆ ಮುಂದಿನ ಉಂಗುರ ತಿರುಗಿಸುತ್ತಾ ಇರಬೇಕು. ತಿಳಿಯಾಯಿತು ಎಂದು ಹೇಳಬೇಕಾದ ಕಣ್ಣೇ ಮಂಜಾದರೆ ಉಂಗುರ ಏನು ಮಾಡೀತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರು ಮೊದಲು ರೀಲನ್ನು ಬೈದರು, ಆಮೇಲೆ ತೊಳೆಯುವ ಔಷಧವನ್ನು ಬೈದರು.

ರೀಲು ತೊಳೆಯುವವರು ಬಾಗಲಕೋಟೆಯ ಸುಭಾನಸಾಬರು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲು ಅವರ ಸ್ಟುಡಿಯೋ ಅಲ್ಲಿ ಇತ್ತು, ಈಗ ನವನಗರದಲ್ಲಿ. ಮಗಳು ಸುಶ್ಮಿತಾ ಬಾಗಲಕೋಟೆಯಲ್ಲಿ ಬಿ.ಎಡ್. ಓದುತ್ತಿದ್ದಳು, ರೀಲು ಒಯ್ದು ಕೊಡುವುದು, ಫೋಟೋ ತರುವುದು ಅವಳ ಕೆಲಸ. ಸುಭಾನಸಾಬರು ಒಂದು ದಿನ ಅವಳಿಗೆ, "ನಿಮ್ಮ ಅಪ್ಪಾರ ಲೆನ್ಸು ಚಲೋ ಐತಿ ಬೇಟಾ, ಅವರ ಕಣ್ಣ ತೋರಸ್ರಿ" ಎಂದು ಹೇಳಿ ಕಳಿಸಿದ್ದರು. ಆದರೆ ಇವರೇ ಫೋನು ಮಾಡಿ ಗದರಿದಾಗ ಆ ದೊಡ್ಡ ಮನುಷ್ಯನ ಬಾಯಿಂದ ಖರೆ ಬರಲಿಲ್ಲ. "ಲೆನ್ಸಿಗೆ ಬೂಷ್ಟು ಹತ್ತೇತ್ರಿ ಗೋವಿಂದಪ್ಪ, ವಯಸ್ಸಾತು ಅದಕ್ಕ" ಅಂದುಬಿಟ್ಟರು. ಹಿರಿಯ ಗಿರಾಕಿಯ ಮನಸ್ಸು ನೋಯಿಸಬಾರದು ಎಂದು ಅವರು ಆಡಿದ ಮಾತು ನಮ್ಮ ಮನೆಯಲ್ಲಿ ಹೊಸ ಕ್ಯಾಮೆರಾದ ಹುಚ್ಚಾಗಿ ಬೆಳೆಯಿತು.

ಇದು ಎರಡು ಸಾವಿರದ ಎಂಟರ ಮಾತು. ಇಲಕಲ್ಲಿನಲ್ಲಿ ರೀಲು ಸಿಗುವುದೇ ಕಷ್ಟವಾಗಿತ್ತು. ಸುಶ್ಮಿತಾ ಡಿಜಿಟಲ್ ತಗೋರಿ ಅಂದಳು. ಇವರಿಗೆ ಮನಸ್ಸಿರಲಿಲ್ಲ. ರೀಲು ಅಂದರೆ ಮಗ್ಗದ ಹಾಗೆ, ನೇಯ್ದದ್ದು ನೇಯ್ದಂತೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಕತ್ತರಿಸಿ ಬಿಚ್ಚುವವರೆಗೆ ಕಾಣುವುದಿಲ್ಲ, ಅದರಲ್ಲಿ ಒಂದು ಕಾಯುವಿಕೆ ಇದೆ ಎನ್ನುತ್ತಿದ್ದರು. "ತಗದ ಕೂಡ್ಲೆ ನೋಡೂದು ಅಂದ್ರ, ಒಲಿ ಮ್ಯಾಲಿನ ಸಾರ ನೆಕ್ಕಿದಂಗ." ಆದರೂ ಬೂಷ್ಟು ಹತ್ತಿದ ಲೆನ್ಸಿನೊಡನೆ ಎಷ್ಟು ದಿನ? ಹನ್ನೆರಡು ಸಾವಿರದೊಳಗೆ ಸಿಕ್ಕರೆ ನೋಡೋಣ ಎಂದು ಒಪ್ಪಿದರು.

ನಾನೂ ಬರುತ್ತೇನೆ ಎಂದು ಹೊರಟೆ. ನನಗೆ ಕ್ಯಾಮೆರಾ ಕಟ್ಟಿಕೊಂಡು ಏನಾಗಬೇಕಿತ್ತು? ನವನಗರದಲ್ಲಿ ಕಣ್ಣಿನ ದವಾಖಾನೆ ಇದೆ ಎಂದು ಸುಶ್ಮಿತಾ ಹೇಳಿದ್ದಳು. ಕ್ಯಾಮೆರಾ ಕೈಗೆ ಬಂದ ಖುಷಿಯಲ್ಲಿ ಹೇಗಾದರೂ ಮಾಡಿ ಅಲ್ಲಿಗೆ ಎಳೆದೊಯ್ಯಬೇಕು ಎಂದು ನಾನು ಹೊಂಚು ಹಾಕಿದ್ದೆ. ಹೇಗೆ ಎಂಬುದು ಮಾತ್ರ ಬಸ್ಸು ಅಮೀನಗಡ ದಾಟಿದರೂ ಹೊಳೆಯಲಿಲ್ಲ.

ಸುಭಾನಸಾಬರ ಅಂಗಡಿಯಲ್ಲಿ ಸುಶ್ಮಿತಾ ನಮಗಿಂತ ಮೊದಲೇ ಬಂದು ಕೂತಿದ್ದಳು. ಸಾಬರು ಗಾಜಿನ ಕಟ್ಟೆಯ ಮೇಲೆ ಮೂರು ಕ್ಯಾಮೆರಾ ಇಟ್ಟರು. ಮೊದಲನೆಯದು ಬೆಳ್ಳಗೆ, ತೆಳ್ಳಗೆ, ತಾಂಬೂಲದ ಡಬ್ಬಿಯಷ್ಟು. ಇವರು ಅದನ್ನು ಕಣ್ಣಿಗೆ ಹಚ್ಚಲು ಹೋಗಿ ಗಾಬರಿಯಾದರು.

"ಇದಕ್ಕ ಕಿಂಡಿ ಎಲ್ಲೈತಿ?"

"ಕಿಂಡಿ ಇಲ್ಲಪ್ಪ, ಹಿಂದಿನ ಪರದೆ ನೋಡಕೊಂತ ತಗೀಬೇಕು" ಅಂದಳು ಸುಶ್ಮಿತಾ. "ಹತ್ತು ಮೆಗಾಪಿಕ್ಸಲ್ ಐತಿ."

"ಮಾರು ದೂರ ಹಿಡಕೊಂಡು ತಗಿಯೂದು ಫೋಟೋನೋ, ಆರತಿಯೋ?" ಎಂದು ಇವರು ಗುಂಡಿ ಒತ್ತಿದರು. ಅದು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ತೆಗೆಯಿತು. "ಒತ್ತಿದ ಮ್ಯಾಲೆ ವಿಚಾರ ಮಾಡತೈತ್ರಿ ಇದು. ಅಷ್ಟರಾಗ ಹೆಣಮಗಳು ಬಸ್ ಹತ್ತಿರತಾಳ."

ಎರಡನೆಯದಕ್ಕೆ ಕಿಂಡಿ ಇತ್ತು, ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತಿತ್ತು. ಸೆಲ್ಲು ಯಾವ ಹಳ್ಳಿಯಲ್ಲೂ ಸಿಗುತ್ತವೆ ಎಂದು ಅದು ಮನಸ್ಸಿಗೆ ಬಂತು. ಇವರು ಚೀಲದಿಂದ ಸೆರಗಿನ ತುಣುಕೊಂದನ್ನು ತೆಗೆದು ಕಟ್ಟೆಯ ಮೇಲೆ ಹಾಸಿ ಫೋಟೋ ತೆಗೆದರು. ಪರದೆಯನ್ನು ಮೂಗಿಗೆ ಹಚ್ಚಿ ನೋಡಿದರು. ಕೆಂಪು ಚೆಲ್ಲಿದ ಕುಂಕುಮವಾಗಿತ್ತು, ನೂಲೆಲ್ಲ ಅದರಲ್ಲಿ ಮುಳುಗಿತ್ತು.

"ರೀಲಿನ್ಯಾಗ ಕೆಂಪಿನೊಳಗ ಕೆಂಪು ಕಾಣತಿತ್ತು ಸಾಬ್ರ."

"ಡಿಜಿಟಲ್ಲಿಗೆ ಕೆಂಪಂದ್ರ ಭಾಳ ಆಸೆ. ಇದನ್ನ ನೋಡ್ರಿ" ಎಂದು ಸಾಬರು ಮೂರನೆಯದನ್ನು ಮುಂದೆ ಸರಿಸಿದರು. ಕರಿಯದು, ದಪ್ಪ, ಕೈಯಲ್ಲಿ ಹಿಡಿಯಲು ಹಿಡಿಕೆ ಇತ್ತು. ಹೋದ ವರ್ಷದ ಮಾಡೆಲ್, ಅದಕ್ಕೇ ಬೆಲೆ ಇಳಿದಿದೆ. ಆರೇ ಮೆಗಾಪಿಕ್ಸಲ್, ಆದರೆ ಹನ್ನೆರಡು ಪಟ್ಟು ಜೂಮ್. ಆಲ್ಬಮ್ಮಿನ ಫೋಟೋಕ್ಕೆ ಆರು ಸಾಕು, ಮೆಗಾಪಿಕ್ಸಲ್ ಲೆಕ್ಕ ಹಾಕುವುದು ಅಂದರೆ ಸೀರೆಯನ್ನು ತೂಕಕ್ಕೆ ಕೊಂಡ ಹಾಗೆ ಎಂದರು. ಬಣ್ಣ ಇಳಿಸುವ ಗುಂಡಿ ಒತ್ತಿ ಅದೇ ತುಣುಕಿನ ಫೋಟೋ ತೆಗೆದು ತೋರಿಸಿದರು. ಕೆಂಪಿನೊಳಗೆ ಎಳೆ ಕಂಡಿತು. ಇವರು ಬೆರಳಿನಿಂದ ಕ್ಯಾಮೆರಾದ ಬೆನ್ನು ಸವರಿದರು. ಇಷ್ಟವಾಯಿತು ಎಂದು ನನಗೆ ತಿಳಿಯಿತು.

"ಹೊರಗ ಹೋಗಿ ದೂರಿಂದು ತಗದ ನೋಡ್ರಿ" ಅಂದರು ಸಾಬರು.

ನಾಲ್ವರೂ ಅಂಗಡಿಯ ಮೆಟ್ಟಿಲಿಗೆ ಬಂದೆವು. ಇವರು ಕಿಂಡಿಗೆ ಕಣ್ಣು ಹಚ್ಚಿ, "ಒಳಗೂ ಟೀವಿ ಇಟ್ಟಾರ, ಎಲ್ಲಾ ರವೆ ರವೆ ಕಾಣತೈತಿ" ಎಂದು ಗೊಣಗಿದರು. ಅಗಲವಾದ ರಸ್ತೆ, ಆ ಬದಿಗೆ ಬಸ್ಸು ನಿಲ್ಲುವ ನೆರಳು. ಅಲ್ಲಿ ಒಬ್ಬ ಹೆಂಗಸು ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು. ಕೆಂಪು ಸೆರಗು, ಬಿಳಿ ಹಲ್ಲು. ಇವರ ಕೈ ನಿಂತಿತು. ಜೂಮ್ ಎಳೆದರು. ಲೆನ್ಸು ಬಿಲದಿಂದ ಹೊರಬಂದಂತೆ ಉದ್ದವಾಯಿತು.

"ರತ್ನಾ, ನಮ್ಮ ಸೀರಿ!" ಎಂದು ನನ್ನನ್ನು ಕೂಗಿದರು.

ಎಷ್ಟು ದಿನವಾಗಿತ್ತು ಆ ದನಿ ಕೇಳಿ. ಮಾರಿ ತುಂಬ ನಗೆ. ನಾನು ಆ ಕಡೆ ನೋಡಿದೆ. ಬಿಸಿಲಲ್ಲಿ ಆ ಸೀರೆ ಹೊಳೆಯುತ್ತಿದ್ದ ರೀತಿಯೇ ಹೇಳುತ್ತಿತ್ತು, ಅದು ನಮ್ಮದಲ್ಲ. ಕೈಮಗ್ಗದ್ದೇ ಅಲ್ಲ. ಸುಶ್ಮಿತಾ ನನ್ನ ಕೈ ಹಿಸುಕಿದಳು, ಅವಳಿಗೂ ಕಂಡಿತ್ತು. ಬಾಯಿ ತೆರೆಯಬೇಡ ಎಂದು ನಾನು ಅವಳ ಕೈಯನ್ನು ಇನ್ನೂ ಜೋರಾಗಿ ಹಿಸುಕಿದೆ. ಇವರು ಗುಂಡಿ ಒತ್ತಿದರು.

ಒಳಗೆ ಬಂದು ಪರದೆಯನ್ನು ಮೂಗಿನ ಹತ್ತಿರ ಹಿಡಿದರು. "ದೊಡ್ಡದು ಮಾಡೂದ ಹ್ಯಾಂಗ?" ಅಂದರು. ಸಾಬರು ನನ್ನ ಮಾರಿ ನೋಡಿದರು. ಏನು ಮಾಡಲಿ ಎಂದು ಕೇಳಿದಂತಿತ್ತು. ಆಮೇಲೆ ಗುಂಡಿ ತೋರಿಸಿದರು. ಸೆರಗು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಇವರು ಹಲ್ಲಿನಿಂದ ಹಲ್ಲಿಗೆ ಸರಿಸುತ್ತಾ ಅಂಚಿನವರೆಗೆ ಹೋದರು. ಕಡೆಯ ಹಲ್ಲು ಗಿಡ್ಡ ಇರಲಿಲ್ಲ. ಎಲ್ಲ ಹಲ್ಲೂ ಅಚ್ಚಿನಲ್ಲಿ ಹೊಡೆದಂತೆ ಒಂದೇ ಸಮ, ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಹೆಣೆದ ಕೊಂಡಿಯಿಲ್ಲ, ಕೈಯ ಗುರುತಿಲ್ಲ.

"ಇದು ಮಷೀನಿಂದು" ಅಂದರು ಮೆಲ್ಲಗೆ.

ಇವರು ತಲೆ ಎತ್ತಿ ಬಾಗಿಲಾಚೆ ನೋಡಿದರು, ಮತ್ತೆ ಪರದೆ ನೋಡಿದರು. ಆ ಎರಡರ ನಡುವೆ ಅವರ ಕಣ್ಣು ಓಡಾಡಿತು.

"ರತ್ನಾ, ನಿನಗ ಇಲ್ಲಿಂದನ ಗೊತ್ತಾಗಿತ್ತೇನು?"

"ಹೂಂ."

"ಸುಶ್ಮಿತಾ?"

ಅವಳು ತಲೆ ತಗ್ಗಿಸಿದಳು. ಇವರು ಸುಭಾನಸಾಬರ ಕಡೆ ತಿರುಗಿದರು. "ಬೂಷ್ಟು ಎಲ್ಲಿ ಹತ್ತೇತ್ರಿ ಸಾಬ್ರ? ಲೆನ್ಸಿಗೋ, ನನಗೋ?" ಸಾಬರು ಕಟ್ಟೆಯ ಗಾಜು ಒರೆಸತೊಡಗಿದರು, ಅದು ಮೊದಲೇ ಚೊಕ್ಕಟವಿತ್ತು.

"ಎಲ್ಲಾರೂ ಕೂಡಿ ನನ್ನ ಕೂಸಿನಂಗ ಆಡಿಸಿದ್ರಿ" ಎಂದು ಇವರು ಕ್ಯಾಮೆರಾ ಕಟ್ಟೆಯ ಮೇಲಿಟ್ಟರು. "ಆಲ್ಬಮ್ಮಿನ್ಯಾಗ ಯಾರ್ಯಾರ ಸೀರಿ ಹಚ್ಚೇನೋ ಏನೋ. ಮಷೀನಿನ ಸೀರಿಗೆ ನಂದು ಅಂದೆ ನಾ. ನಮ್ಮಪ್ಪ ಇದ್ದಿದ್ರ ಮಾರಿಗೆ ಉಗಳತಿದ್ದ. ನಡಿ, ಊರಿಗೆ ಹೋಗೂಣು. ಕ್ಯಾಮೆರಾ ಬ್ಯಾಡ, ಏನೂ ಬ್ಯಾಡ."

ಈ ಮನುಷ್ಯನ ಸಿಟ್ಟು ನನಗೆ ಗೊತ್ತು. ಈಗ ಬಸ್ಸು ಹತ್ತಿದರೆ ಮನೆಗೆ ಹೋಗಿ ಕುಣಿಗಿಳಿದು ಕೂಡುತ್ತಾರೆ, ಮತ್ತೆ ಕಣ್ಣಿನ ಮಾತು ಎತ್ತಲು ಯಾರಿಗೂ ಆಗುವುದಿಲ್ಲ. ಬೆಳೆದು ಕಲ್ಲಾಗುವ ಮೊದಲು ಎಂದ ಡಾಕ್ಟರರ ಮಾತು ಕಿವಿಯಲ್ಲಿ ಬಡಿಯುತ್ತಿತ್ತು. ಅಂಗಡಿಯಲ್ಲೇ ಕೂತು ಅತ್ತುಬಿಡೋಣ ಅನಿಸಿತು.

ಆಗಲೇ ಬಾಗಿಲಿಗೆ ಆ ಹೆಂಗಸು ಬಂದಳು. ನನ್ನ ವಾರಿಗೆಯವಳು, ಕೈಯಲ್ಲಿ ಊಟದ ಡಬ್ಬಿ. ಬೆನ್ನ ಹಿಂದೆ ಲೆನ್ಸು ಚಾಚಿದ್ದನ್ನು ಪಕ್ಕದವರು ಯಾರೋ ತೋರಿಸಿದ್ದರಂತೆ.

"ಯಾರ್ರಿ ಅದು, ನನ್ನ ಫೋಟೋ ಹೊಡದವ್ರು? ಅಕ್ಕ ತಂಗೇರ ಇಲ್ಲೇನು ನಿಮಗ?"

ಸುಭಾನಸಾಬರು ಕೈಮುಗಿದು ಮುಂದೆ ಬಂದರು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇವ್ರು ಇಲಕಲ್ಲಿನವ್ರು, ಸೀರಿ ನೇಯಾವ್ರು. ನೀವು ಉಟ್ಟ ಸೀರಿ ತಮ್ಮ ಮಗ್ಗದ್ದು ಅಂತ ತಿಳದು ತಗದಾರ."

ಅವಳ ಸಿಟ್ಟು ಉಕ್ಕಿದ ಹಾಲು ಇಳಿದಂತೆ ಇಳಿಯಿತು. ಮಾರಿ ಅರಳಿತು. "ಹೌದೇನ್ರಿ? ಇಲಕಲ್ಲಿನ ನೇಕಾರ್ರಾ? ಹಂಗಾರ ದೇವರ ಕೂಡಿಸಿದಂಗಾತು ನೋಡ್ರಿ. ನಾ ನೀಲಾಬಾಯಿ ಅಂತ. ನನ್ನ ಮಗಳು ಚೇತನಾ ಮೊದಲನೇ ಪಗಾರದಾಗ ನನಗ ಈ ಸೀರಿ ತಂದಾಳ್ರಿ, ಕೈಮಗ್ಗದ್ದು ಅಂತ ಹೇಳಿ ಕೊಟ್ಟಾರಂತ. ನಮ್ಮ ಬಾಜೂ ಮನಿಯಾಕಿ ಒಬ್ಬಾಕಿ ಅದಾಳ, ಇದು ಮಷೀನಿಂದು, ನಿನ್ನ ಮಗಳಿಗೆ ಟೊಪ್ಪಿಗಿ ಹಾಕ್ಯಾರ ಅಂತ ದಿನಾ ಹಂಗಸ್ತಾಳ. ಹುಡಗಿ ಕೇಳಿ ಅತ್ತಳ್ರಿ ಪಾಪ. ನೀವು ಹೇಳಿಬಿಡ್ರಿ. ನೇಯಾವ್ರು ಹೇಳಿದ್ರ ಮುಗೀತು."

ಹೀಗೆಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಇವರ ಮುಂದೆ ಚಾಚಿದಳು.

ವಿದ್ಯಾಳ ಮದುವೆ ನನ್ನ ಕಣ್ಣ ಮುಂದೆ ಬಂತು. ಕೇಳಿದರು, ಹೇಳಿದೆ ಎನ್ನುವ ಮನುಷ್ಯ ಇದು. ಅದೂ ಈಗ, ಮೈಯೆಲ್ಲ ಸಿಟ್ಟಿರುವಾಗ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಬಟ್ಟೆ ಮುಂದೆ ಬಂದರೆ ಆ ಬೆರಳುಗಳು ತಾವಾಗಿಯೇ ಎದ್ದು ಮುಟ್ಟುತ್ತವೆ, ಊಟಕ್ಕೆ ಕೂತಾಗ ಬಡಿಸಲು ಬಂದವರ ಸೆರಗು ಮುಟ್ಟಿ ನನ್ನಿಂದ ಬೈಸಿಕೊಂಡವರು ಇವರು. ಬೆರಳು ಎದ್ದವು. ಅರ್ಧ ದಾರಿಯಲ್ಲಿ ನಿಂತವು. ಇವರು ಎರಡೂ ಕೈ ಹಿಂದೆ ಒಯ್ದು ಬೆನ್ನ ಮೇಲೆ ಕಟ್ಟಿಕೊಂಡರು.

"ನನ್ನ ಕೇಳಬ್ಯಾಡವ್ವಾ" ಅಂದರು. "ನನಗ ಕಣ್ಣ ಕಾಣೂದಿಲ್ಲ."

ನೀಲಾಬಾಯಿ ಚಾಚಿದ ಸೆರಗನ್ನು ಮೆಲ್ಲಗೆ ಇಳಿಸಿದಳು, ಇವರು ಮುಂದುವರಿಸಿದರು.

"ಎರಡೂ ಕಣ್ಣಿಗೆ ಪೊರಿ ಬಂದಾವ. ಭಾಳ ದಿನಾ ಆತು. ಕಪ್ಪ ಯಾವುದು, ನೀಲಿ ಯಾವುದು ಅಂತ ನನಗ ತಿಳಿಯೂದಿಲ್ಲ. ಸಾಬ್ರು ಸುಮ್ಮ ನನ್ನ ಮರ್ಯಾದಿ ಉಳಸಾಕ ಹೇಳಿದ್ರು. ಇಂಥಾಂವ ಹೇಳಿದ್ದನ್ನ ನೀ ಒಯ್ದು ಆಕಿಗೆ ಹೇಳಿದ್ರ ನಗತಾಳ. ಮಗಳು ತಂದ ಸೀರಿ, ಚಂದ ಕಾಣತೈತಿ, ಉಡು. ಸೀರಿ ನೇಯೂದ ಉಡಾಕ."

ನೀಲಾಬಾಯಿ ನನ್ನ ಕಡೆ ನೋಡಿದಳು. "ಖರೇನ ಕಣ್ಣ ಕಾಣೂದಿಲ್ಲೇನ್ರಿ ಇವರಿಗೆ?"

"ಖರೇನ್ರಿ ಅಕ್ಕಾರ" ಅಂದೆ. ಈ ಒಂದು ಮಾತನ್ನು ಅವರೆದುರಿಗೆ ಹೇಳಲು ನಾನು ಎಷ್ಟು ದಿನದಿಂದ ಕಾದಿದ್ದೆ.

ಅವಳು ಇವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಕಟ್ಟೆಯ ಮೇಲಿನ ಮೂರು ಕ್ಯಾಮೆರಾ ನೋಡಿದಳು. "ಅಲ್ರಿ ಯಪ್ಪಾ, ಕಣ್ಣ ಕಾಣದಾವ್ರು ಕ್ಯಾಮೆರಾ ತಗೋಳಾಕ ಬಂದೀರಲ್ಲ! ಬೋಳಗ ಹಣಗಿ ಕೊಂಡಂಗ."

ಸುಶ್ಮಿತಾ ಕಿಸಕ್ಕೆಂದು ನಕ್ಕಳು. ಸಾಬರೂ ನಕ್ಕರು. ಇವರು ಮಾತ್ರ ಮಾರಿ ಬಿಗಿದುಕೊಂಡು, "ಕ್ಯಾಮೆರಾಕ್ಕ ಯಾರ ಬಂದಾರ? ಕಣ್ಣ ತೋರಸಾಕ ಬಂದೇವಿ. ದಾರ್ಯಾಗ ಸಾಬ್ರ ಅಂಗಡಿ ಸಿಕ್ತು, ನಿಂತೀವಿ" ಅಂದರು. ಹುಟ್ಟಿದಾಗಿನಿಂದ ಕಲಿಯದ ಸುಳ್ಳನ್ನು ಒಂದೇ ಗಳಿಗೆಯಲ್ಲಿ ಕಲಿತು ಸಲೀಸಾಗಿ ಉದುರಿಸುತ್ತಿದ್ದರು.

"ದವಾಖಾನಿ ಇಲ್ಲೇ ಹಿಂದಿನ ಓಣ್ಯಾಗ ಐತಲ್ರಿ! ನನ್ನ ಚೇತನಾ ಅಲ್ಲೇ ನರ್ಸ ಅದಾಳ. ಆಕಿಗೆ ಬುತ್ತಿ ಕೊಡಾಕ ಬಂದೇನಿ, ಇನ್ನೂ ಊಟಕ್ಕ ಬಿಟ್ಟಿಲ್ಲ ಅಂತ ನೆರಳಿಗೆ ನಿಂತಿದ್ದೆ. ನಡೀರಿ, ಪಾಳಿಯಾಗ ನಿಲ್ಲೂದ ಬ್ಯಾಡ, ಆಕಿಗೆ ಹೇಳತೇನಿ. ನಿಮ್ಮ ಕಣ್ಣ ಬಂದ ಮ್ಯಾಲೆ ಮತ್ತ ನನ್ನ ಸೀರಿ ನೋಡೂರಂತ."

ಇವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹೆದರಿಕೆ ಇತ್ತು, ಹನಮಪ್ಪನವರ ಕೀವಾದ ಕಣ್ಣಿತ್ತು. ನಾನು ತುಟಿ ಎರಡು ಮಾಡಲಿಲ್ಲ. ಇಷ್ಟು ದಿನ ನಾನು ಇಟ್ಟ ಕಂಡಿಕೆಯನ್ನು ಅವರು ತೆಗೆದುಕೊಂಡಿದ್ದರು, ಇದನ್ನು ಅವರೇ ಆರಿಸಿಕೊಳ್ಳಬೇಕಿತ್ತು.

"ಸಾಬ್ರ" ಅಂದರು ಕೊನೆಗೆ, "ಆ ಕರೇದು ತಗದಿಡ್ರಿ. ಬ್ಯಾರೇದಾವರಿಗೆ ಕೊಡಬ್ಯಾಡ್ರಿ."

"ಈಗ ಕಟ್ಟಲೇನ್ರಿ?"

"ಈಗ ಬ್ಯಾಡ. ನನಗಿಂತ ಅದಕ್ಕ ಚಲೋ ಕಾಣತೈತಿ. ಅದರ ಸಮಾ ಆಗಿ ಬರ್ತೇನಿ."

ನೀಲಾಬಾಯಿ ತನ್ನ ಫೋಟೋ ತೋರಿಸಿರಿ ಅಂದಳು, ನೋಡಿದಳು, ಹಿಂದಿನಿಂದ ತಾನು ಇಷ್ಟು ಚಂದ ಕಾಣುತ್ತೇನೆಂದು ಗೊತ್ತೇ ಇರಲಿಲ್ಲ ಅಂದಳು. ಅಳಿಸುವುದು ಬೇಡ, ಒಂದು ಪ್ರತಿ ತೆಗೆದಿಡಿ, ಮಗಳಿಗೆ ತೋರಿಸುತ್ತೇನೆ ಎಂದು ಸಾಬರಿಗೆ ಹೇಳಿ ಡಬ್ಬಿ ಹಿಡಿದು ಮುಂದೆ ನಡೆದಳು.

ಅವಳ ಹಿಂದೆ ನಾವು. ರಸ್ತೆಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಅಂಥ ಬೆಳಕಿನಲ್ಲಿ ಇವರಿಗೆ ಏನೂ ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ಹಿಡಿಯಲು ಹೋದೆ. ಬೇಡ ಅಂದರು.

"ಮುಂದ ಆ ಕೆಂಪ ಕಾಣತೈತಿ. ಅದರ ಹಿಂದ ಹೊಂಟೇನಿ" ಅಂದರು.

ಕೆಂಪು ಅಂದರೆ ನೀಲಾಬಾಯಿಯ ಸೆರಗು. ಮಷೀನಿನ ಸೀರೆ ಉಟ್ಟವರ ಪಂಕ್ತಿಯಲ್ಲಿ ಊಟಕ್ಕೆ ಕೂಡದ ಮನುಷ್ಯ ಅದರ ಗುರುತು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಸುಶ್ಮಿತಾ ಹಿಂದೆ ಉಳಿದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಓಣಿಯ ತಿರುವಿನಲ್ಲಿ ಇವರು ನಿಂತು, ನೀಲಾಬಾಯಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಂದರು.

"ಸುಳ್ಳ ಹೇಳಾಕ ಹೋದೆ ರತ್ನಾ" ಅಂದರು. "ಬಾಯಿ ಬಿಟ್ರ ಖರೇನ ಬಂತು."

"ಬರಲಿ ಬಿಡ್ರಿ" ಅಂದೆ. ಮುಂದೆ ಹೋದ ನೀಲಾಬಾಯಿ ದವಾಖಾನೆಯ ಬಾಗಿಲಲ್ಲಿ ನಿಂತು ನಮಗಾಗಿ ಕೈ ಬೀಸುತ್ತಿದ್ದಳು.